ಡ್ಯಾಮ್ ಸುದ್ದಿ ಹಂಚುವಾಗ ಯಾರ ಹೆಸರು ಹಾಕಬೇಕು?

ಹೊಳೆದಂಡೆ:
ನಮ್ಮೂರಿನ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು ದಿನಾ ಹಾಕುತ್ತೇವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದ ಮೇಲಂತೂ ಜನ ಇದನ್ನು ಕಾದು ಓದುತ್ತಾರೆ. ಈಗ ನಮ್ಮೊಳಗೇ ಒಂದು ವಾದ. ಪತ್ರಿಕೆಯ ಸುದ್ದಿಯಲ್ಲಿ ಪಿಟಿಐ (ಪತ್ರಿಕೆಗಳಿಗೆ ಸುದ್ದಿ ಕಳಿಸುವ ಸಂಸ್ಥೆ) ಅಂತ ಇರುತ್ತದೆ, ಒಳಗೆ ಎಂಜಿನಿಯರ್ ಹೇಳಿದ ಮಾತು ಇರುತ್ತದೆ. ಹಂಚುವಾಗ ಯಾರ ಹೆಸರು ಹಾಕಬೇಕು? ‘ಕೃಪೆ: ಅಂತರ್ಜಾಲ’ ಸಾಕು ಅಂತ ಒಬ್ಬರು ಹೇಳುತ್ತಾರೆ, ನನಗೆ ಸರಿ ಕಾಣುತ್ತಿಲ್ಲ. ಇಡೀ ವರದಿ ಹಾಕಿ ಕೆಳಗೆ ಪತ್ರಿಕೆಯ ಹೆಸರು ಬರೆದರೆ ನಡೆಯುತ್ತದಾ?

ಡೆಸ್ಕ್ ಮಂದಿ:
ಮೂವರದ್ದೂ ಹಾಕಿ. ಕಷ್ಟವೇನಿಲ್ಲ. ‘ನಾಳೆ ಬೆಳಿಗ್ಗೆಯಿಂದ ನದಿಗೆ ನೀರು ಬಿಡಲಾಗುವುದು ಎಂದು ತುಂಗಭದ್ರಾ ಮಂಡಳಿಯ ಎಂಜಿನಿಯರ್ ಹೇಳಿರುವುದಾಗಿ ಪಿಟಿಐ ವರದಿ ಮಾಡಿದೆ, ಓದಿದ್ದು ಇಂಥ ಪತ್ರಿಕೆಯಲ್ಲಿ, ಇಂಥ ದಿನ.’ ಇಷ್ಟೇ. ಕೆಳಗೆ ಲಿಂಕ್ ಕೊಡಿ, ಪತ್ರಿಕೆಯ ಮುಖಪುಟದ್ದಲ್ಲ, ಆ ಸುದ್ದಿಯದ್ದೇ.

ಎಂಜಿನಿಯರ್ ಜೊತೆ ಮಾತಾಡಿದ್ದು ನೀವಲ್ಲ, ಹಾಗಾಗಿ ‘ನಮಗೆ ತಿಳಿಸಿದ್ದಾರೆ’ ಅನ್ನೋ ಧಾಟಿ ಬರಬಾರದು. ‘ಮೂಲಗಳ ಪ್ರಕಾರ’ ಕೂಡ ಬೇಡ. ಹೆಸರು ಹೇಳಬೇಡಿ ಅಂತ ಕೇಳಿಕೊಂಡವರ ಮಾತು ಬರೆಯುವಾಗ ವರದಿಗಾರ ಬಳಸೋ ಪದ ಅದು. ನಿಮಗೆ ಮೂಲ ಗೊತ್ತಿದೆ, ಮುಚ್ಚಿಡೋದು ಯಾಕೆ? ಇನ್ನೊಂದು, ಉದ್ಧರಣ ಚಿಹ್ನೆಯೊಳಗೆ ಅವರು ಆಡಿದ ಮಾತೇ ಇರಬೇಕು. ನೀವು ಚಿಕ್ಕದು ಮಾಡಿದ್ದರೆ ಚಿಹ್ನೆ ತೆಗೆದು ನಿಮ್ಮ ಮಾತಲ್ಲೇ ಬರೆಯಿರಿ.

ಕೋರ್ಟು ಕಚೇರಿ:
ಇಡೀ ವರದಿ ಹಾಕೋ ವಿಷಯಕ್ಕೆ ಬರ್ತೀನಿ. ‘19ನೇ ಗೇಟಿನ ಚೈನ್ ತುಂಡಾಗಿದೆ’ ಅನ್ನೋ ಸಂಗತಿ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹೇಳಬಹುದು. ಆದರೆ ಅದನ್ನು ವರದಿಗಾರ ಬರೆದ ರೀತಿಗೆ, ತೆಗೆದ ಫೋಟೊಗೆ ಹಕ್ಕುಸ್ವಾಮ್ಯ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಚಲಿತ ಘಟನೆಗಳ ವರದಿ, ವಿಮರ್ಶೆಗಾಗಿ ಬೇರೆಯವರ ಬರಹವನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಎರಡು ಮೂರು ವಾಕ್ಯ ಉದ್ಧರಿಸಿ, ಮೂಲ ಹೇಳಿ, ಲಿಂಕ್ ಕೊಡೋದು ಈ ಕಡೆ. ಹತ್ತು ಪ್ಯಾರಾ ಪೂರ್ತಿ ಅಂಟಿಸಿ ‘ಕೃಪೆ’ ಅಂತ ಬರೆಯೋದು ಆ ಕಡೆ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ಮಾಡಿ ಹಾಕಿದರೂ ಅಷ್ಟೇ, ಅನುವಾದದ ಹಕ್ಕೂ ಕಾಯ್ದೆಯಲ್ಲಿ ಕೃತಿಯ ಹಕ್ಕುದಾರರಿಗೇ ಸೇರಿದ್ದು.

ತಾಲ್ಲೂಕು ವರದಿಗಾರ:
ಫೋಟೊ ಬಗ್ಗೆ ನಾನೂ ಹೇಳಲೇಬೇಕು. ರಾತ್ರಿ ಮಳೆಯಲ್ಲಿ ಡ್ಯಾಮ್ ಹತ್ತಿರ ನಿಂತು, ನಾಲ್ಕು ಅಧಿಕಾರಿಗಳಿಗೆ ಫೋನ್ ಮಾಡಿ, ಒಂದು ಚಿತ್ರ ಕಳಿಸಿರುತ್ತೇವೆ. ಬೆಳಿಗ್ಗೆ ನೋಡಿದರೆ ಅದರ ಮೂಲೆಯಲ್ಲಿದ್ದ ವಾಟರ್‌ಮಾರ್ಕ್ ಕತ್ತರಿಸಿ, ಅದೇ ಜಾಗದಲ್ಲಿ ಯಾವುದೋ ಪೇಜಿನ ಲೋಗೊ ಕೂರಿಸಿರುತ್ತಾರೆ. ಕೇಳಿದರೆ ‘ಗೂಗಲ್‌ನಲ್ಲಿ ಸಿಕ್ಕಿತು ಸರ್’ ಅಂತಾರೆ. ಗೂಗಲ್ ಫೋಟೊ ತೆಗೆಯಲ್ಲ, ಹುಡುಕಿ ತೋರಿಸುತ್ತದೆ ಅಷ್ಟೇ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡೋರಿಗೆ ದುಡ್ಡು ಹೇಗೂ ಕಮ್ಮಿ, ಇರೋದು ಹೆಸರೊಂದೇ. ಅದನ್ನೂ ಕಿತ್ತುಕೊಂಡರೆ ಹೇಗೆ ಹೇಳಿ?

ಕಂಪ್ಲಿ ಕಡೆಯವಳು:
ದಂಡೆಯಲ್ಲಿ ಇರೋರ ಕಡೆಯಿಂದ ಒಂದು ಮಾತು. ಜಾಸ್ತಿ ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಸೇತುವೆ ಮುಳುಗಿದ ಹಳೇ ಫೋಟೊ, ಯಾವತ್ತಿನದೋ ಕ್ಯೂಸೆಕ್ ಲೆಕ್ಕ, ಎರಡೂ ಸೇರಿ ಒಂದು ಸ್ಕ್ರೀನ್‌ಶಾಟ್ ಆಗಿ ವಾಟ್ಸಾಪ್‌ಗೆ ಬಂದರೆ ನಾವು ಪಂಪ್‌ಸೆಟ್ ಎತ್ತಬೇಕಾ, ದನ ಬಿಚ್ಚಬೇಕಾ, ಸುಮ್ನೆ ಇರಬೇಕಾ ಗೊತ್ತಾಗಲ್ಲ. ಯಾರು ಹೇಳಿದ್ದು, ಎಷ್ಟು ಹೊತ್ತಿಗೆ ಅಂತ ಇದ್ದರೆ ಅಲ್ಲಿಗೇ ಹೋಗಿ ನೋಡಬಹುದು ಅಲ್ವಾ. ಒಳಹರಿವನ್ನು ಹೊರಹರಿವು ಅಂತ ಹಾಕೋರೂ ಇದ್ದಾರೆ. ಲಿಂಕ್ ಇದ್ದರೆ ಆ ತಪ್ಪು ನಮಗೇ ಸಿಗುತ್ತದೆ. ದಯವಿಟ್ಟು ಪತ್ರಿಕೆ ಸ್ಕ್ರೀನ್‌ಶಾಟ್ ಹಾಕುವಾಗ ತಾರೀಖು ಕತ್ತರಿಸಬೇಡಿ.

ಹೊಳೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಇನ್ನು ‘ಕೃಪೆ: ಅಂತರ್ಜಾಲ’ ಹಾಕಲ್ಲ. ಪತ್ರಿಕೆಯವರೇ ಆಮೇಲೆ ಅಂಕಿ ತಿದ್ದಿದರೆ ನಮ್ಮ ಪೋಸ್ಟ್ ಅಳಿಸಬೇಕಾ?

ಡೆಸ್ಕ್ ಮಂದಿ:
ಅಳಿಸಬೇಡಿ, ಅಷ್ಟೊತ್ತಿಗೆ ಅದು ಹತ್ತು ಗುಂಪಿಗೆ ಹೋಗಿರುತ್ತದೆ. ಪೋಸ್ಟಿನ ಮೇಲ್ಗಡೆಯೇ ‘ತಿದ್ದುಪಡಿ’ ಅಂತ ಬರೆದು, ಸಮಯ ಹಾಕಿ, ಹಳೇ ಅಂಕಿ ಯಾವುದಿತ್ತು, ಹೊಸದು ಯಾವುದು, ತಿದ್ದಿದ್ದು ಯಾರು ಅಂತ ಹೇಳಿ.