ಪವರ್ ಬಟನ್ ಒಂದೇ ನಡೀತದ, ಉಳಿದಾವ ಎಲ್ಲಾ ಸತ್ತಾವ. ರಿಮೋಟ್ ಹೋಗ್ಯದೋ ಟಿವಿ ಹೋಗ್ಯದೋ?

ರಾಯಚೂರು_ಬಿಸಲು:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನಿ ಟಿವಿ ರಿಮೋಟ್ ಕೈ ಕೊಟ್ಟದ, ಗೊತ್ತಿದ್ದೋರು ಯಾರರ ಇದ್ರ ಹೇಳ್ರಿ. ಟಿವಿ ಆಂಡ್ರಾಯ್ಡ್‌ದು, 43 ಇಂಚು, ಗೋಡಿಗಿ ಹಾಕ್ಸೀವಿ, ರಿಮೋಟ್ ಟಿವಿ ಜೋಡಿನೇ ಬಂದಿದ್ದು, ಮೈಕ್ ಬಟನ್ ಇರ್ತದಲ್ಲ ಅಂಥಾದ್ದು. ಮೊನ್ನಿ ಸಂಜಿಮುಂದ ಬಿರುಗಾಳಿ ಎದ್ದು ಕರೆಂಟ್ ಹೋತು ಬಂತು ಹೋತು ಬಂತು ಹಿಂಗ ಬಹಳ ಹೊತ್ತು ಆಡ್ತು (ಶಕ್ತಿನಗರದಾಗ ಇಡೀ ರಾಜ್ಯಕ್ಕ ಕರೆಂಟ್ ತಯಾರ್ ಮಾಡ್ತಾರ, ನಮ್ಮ ಓಣ್ಯಾಗ ಜರಾ ಗಾಳಿ ಬಿಟ್ರ ಸಾಕು ಕತ್ಲಿ), ಅವತ್ತಿನಿಂದ ಹಿಂಗಾಗ್ಯದ ನೋಡ್ರಿ. ಪವರ್ ಬಟನ್ ಒತ್ತಿದ್ರ ಟಿವಿ ಆನ್ ಆಗ್ತದ, ಮತ್ತ ಒತ್ತಿದ್ರ ಆಫ್ ಆಗ್ತದ, ಅಷ್ಟೇ. ವಾಲ್ಯೂಮ್ ಇಲ್ಲ, ಮ್ಯಾಲ ಕೆಳಗ ಹೋಗವಲ್ದು, ಹೋಮ್ ಇಲ್ಲ, ಬ್ಯಾಕ್ ಇಲ್ಲ, ಮೈಕ್ ಅಂತೂ ಕೇಳೂದೇ ಬ್ಯಾಡ.

ಸೆಲ್ ಹೊಸಾವು ಹಾಕೀನಿ. ಅಂಗಡ್ಯಾಂವ ರಿಮೋಟ್ ನೋಡ್ಲೇ ಇಲ್ಲ, "ಹೋಗ್ಯದ್ರಿ, ಹೊಸಾದು ತಗೋರಿ" ಅಂದ. ನಮ್ಮಪ್ಪ ಅದನ್ನ ಅಂಗೈ ಮ್ಯಾಲ ಟಪ ಟಪ ಬಡಿದು ಬಡಿದು ಒತ್ತಾರ, ಬ್ಯಾಡ ಅಂದ್ರ ಕೇಳಂಗಿಲ್ಲ. ಹೊಸ ರಿಮೋಟ್ ತಂದ ಮ್ಯಾಲೂ ನಡೀಲಿಲ್ಲ ಅಂದ್ರ ರೊಕ್ಕ ದಂಡ, ಅದಕ್ಕ ಮೊದ್ಲು ಕೇಳಾಕತ್ತೀನಿ, ದೋಷ ರಿಮೋಟ್‌ದಾಗ ಅದನೋ ಟಿವ್ಯಾಗ ಅದನೋ ಮನ್ಯಾಗೇ ತಿಳ್ಕೊಳ್ಳೂದು ಹೆಂಗ?

ಒಗ್ಗರಣಿ_ಮಿರ್ಚಿ (ಸಿಂಧನೂರು):

ಮೊದ್ಲು ಮೊಬೈಲ್ ಕ್ಯಾಮೆರಾ ಆನ್ ಮಾಡ್ರಿ, ರಿಮೋಟಿನ ಮೂತಿ ಅದರ ಕಡೆ ಹಿಡಿದು ಬಟನ್ ಒತ್ತ್ರಿ. ಮೂತ್ಯಾಗ ಇರೋ ಸಣ್ಣ ಬಲ್ಬ್ ಬರೇ ಕಣ್ಣಿಗೆ ಕಾಣಂಗಿಲ್ಲ, ಆದ್ರ ಕ್ಯಾಮೆರಾದಾಗ ನೇರಳಿ ಬಿಳಿ ಬಣ್ಣದ ಚುಕ್ಕಿ ಮಿಣಮಿಣ ಅಂತೈತಿ. ಮಿಂಚಿದ್ರ ರಿಮೋಟ್ ಚಲೋ ಐತಿ, ಮಿಂಚಲಿಲ್ಲ ಅಂದ್ರ ರಿಮೋಟ್ ಕತಿ ಮುಗೀತು. ಹಿಂದಿನ ಕ್ಯಾಮೆರಾದಾಗ ಕಾಣ್ಲಿಲ್ಲ ಅಂದ್ರ ಸೆಲ್ಫಿ ಕ್ಯಾಮೆರಾದಾಗ ನೋಡ್ರಿ, ಕೆಲವು ಫೋನ್ಯಾಗ ಹಿಂದಿನ ಕ್ಯಾಮೆರಾಕ್ಕ ಆ ಬೆಳಕು ತಡಿಯೋ ಫಿಲ್ಟರ್ ಹಾಕಿರ್ತಾರ. ರೂಮಿನ ಲೈಟ್ ಆರಿಸಿ ನೋಡಿದ್ರ ಇನ್ನೂ ಚಂದ ಕಾಣ್ತೈತಿ.

ರಾಯಚೂರು_ಬಿಸಲು:

ಮಾಡಿದೆ ಅಣ್ಣಾ. ಈಗ ಇನ್ನೂ ತಲಿ ಕೆಟ್ಟದ. ಪವರ್ ಒತ್ತಿದ್ರ ಚುಕ್ಕಿ ಮಿಂಚ್ತದ, ವಾಲ್ಯೂಮ್ ಒತ್ತಿದ್ರ ಇಲ್ಲ, ಬಾಣದ ಬಟನ್ ಒತ್ತಿದ್ರೂ ಇಲ್ಲ. ಅಂದ್ರ ಅಷ್ಟೂ ಬಟನ್ ಒಮ್ಮೆಗೇ ಕೆಟ್ಟಾವ ಅಂತ ತಿಳ್ಕೊಬೇಕೇನು?

ಒಗ್ಗರಣಿ_ಮಿರ್ಚಿ (ಸಿಂಧನೂರು):

ಹಂಗಾದ್ರ ಒಳಗಿನ ರಬ್ಬರ್ ಹೋಗಿರ್ಬೇಕು. ಬಿಚ್ಚಿ ಒರೆಸಿ ನೋಡ್ರಿ.

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಬಿಚ್ಚಬೇಡ್ರಿ, ತಡೀರಿ ಸ್ವಲ್ಪ. ಮೈಕ್ ಇರೋ ರಿಮೋಟ್ ಬಿಚ್ಚಿದ್ರೆ ಲಾಕ್ ಮುರೀತಾವೆ, ಆಮೇಲೆ ಟೇಪ್ ಸುತ್ಕೊಂಡು ಕುಂದ್ರಬೇಕು.

ನಂದು ಬಳ್ಳಾರ್ಯಾಗೆ ಟಿವಿ ರಿಪೇರಿ ಅಂಗಡಿ. ಇಂಥಾ ಕೇಸ್ ನಮ್ಮ ಹತ್ರ ಬಾಳ ಬರ್ತಾವೆ, ಮತ್ತೆ ಮುಕ್ಕಾಲುವಾಸಿ ಜನ ಅಷ್ಟೊತ್ತಿಗೆ ಹೊಸ ರಿಮೋಟ್ ತಗೊಂಡೇ ಬಂದಿರ್ತಾರೆ. ನೀವು ಹೇಳಿದ್ದನ್ನೇ ಇನ್ನೊಂದ್ಸಲ ಓದ್ರಿ, ಪವರ್ ಒಂದು ನಡೀತೈತೆ, ಅದಕ್ಕೆ ಚುಕ್ಕಿನೂ ಮಿಂಚ್ತೈತೆ, ಅಂದ್ರೆ ಸೆಲ್ ಐತೆ, ರಿಮೋಟಿನ ಬೋರ್ಡಿಗೆ ಜೀವ ಐತೆ, ಬಲ್ಬ್ ಐತೆ, ಟಿವಿ ಒಳಗಿನ ಸೆನ್ಸಾರೂ ಚೆನ್ನಾಗೈತೆ. ಉಳಿದ ಬಟನ್ ಅಷ್ಟೂ ಒಂದೇ ದಿನ ಒಂದೇ ಗಳಿಗೆಗೆ ರಬ್ಬರ್ ಸವೆದು ಹೋಗೋಕೆ ಸಾಧ್ಯನೇ ಇಲ್ಲ, ರಬ್ಬರ್ ಹೋಗೋದು ಒಂದೊಂದಾಗಿ, ಜಾಸ್ತಿ ಒತ್ತೋ ಬಟನ್ ಮೊದ್ಲು.

ವಿಷಯ ಏನಂದ್ರೆ ಮೈಕ್ ಇರೋ ಇಂಥಾ ರಿಮೋಟ್ ಎರಡು ದಾರೀಲಿ ಮಾತಾಡ್ತೈತೆ. ಒಂದು ಐಆರ್, ಅಂದ್ರೆ ಆ ಕಾಣದ ಬೆಳಕು, ಹಳೇ ಟಿವಿ ಕಾಲದಿಂದ ಇರೋದು. ಇನ್ನೊಂದು ಬ್ಲೂಟೂತ್. ಟಿವಿ ಪೂರ್ತಿ ಮಲಗಿರುವಾಗ್ಲೂ ಎಬ್ಬಿಸಬೇಕಲ್ಲ, ಅದಕ್ಕೆ ಪವರ್ ಬಟನ್ನನ್ನ ಬಾಳಷ್ಟು ಕಂಪನಿಯೋರು ಐಆರ್ ಮೇಲೇ ಬಿಟ್ಟಿರ್ತಾರೆ. ರಿಮೋಟ್ ಒಂದ್ಸಲ ಟಿವಿಗೆ ಪೇರ್ ಆದ್ಮೇಲೆ, ಅಂದ್ರೆ ಬ್ಲೂಟೂತಿನಾಗೆ ಎರಡೂ ಜೋಡಿ ಆದ್ಮೇಲೆ, ಉಳಿದಿದ್ದೆಲ್ಲ ಬ್ಲೂಟೂತಿಗೆ ಹೋಗ್ಬಿಡ್ತೈತೆ, ಮೈಕ್ ಅಂತೂ ಅದ್ರಾಗೇ, ಧ್ವನಿ ಕಳ್ಸೋದು ಐಆರ್ ಕೈಲಿ ಆಗಲ್ಲ. ಅದಕ್ಕೇ ನಿಮ್ಮ ಕ್ಯಾಮೆರಾದಾಗೆ ವಾಲ್ಯೂಮಿಗೆ ಚುಕ್ಕಿ ಬರ್ಲಿಲ್ಲ. ಬಟನ್ ಸತ್ತಿಲ್ಲ, ರಿಮೋಟ್ ಪಾಪ ಬ್ಲೂಟೂತಿನಾಗೆ ಕೂಗ್ತಾ ಐತೆ, ಟಿವಿ ಕಿವಿಗೆ ಬೀಳ್ತಿಲ್ಲ.

ಕರೆಂಟ್ ಹಂಗೆ ಹೋಗಿ ಬಂದು ಮಾಡಿದ್ದಕ್ಕೆ ಟಿವಿ ಒಳಗಿನ ಬ್ಲೂಟೂತ್ ಹ್ಯಾಂಗ್ ಆಗಿರ್ಬೇಕು, ಇಲ್ಲಾ ಪೇರಿಂಗ್ ಹಾರಿರ್ಬೇಕು. ರಿಮೋಟಿಂದ ಆಫ್ ಮಾಡಿದ್ರೆ ಸಾಲಲ್ಲ, ಅದು ಬರೇ ನಿದ್ದೆ. ಪ್ಲಗ್ಗನ್ನೇ ಕಿತ್ತು ಒಂದೆರಡು ನಿಮಿಷ ಬಿಡ್ರಿ. ಅಷ್ಟೊತ್ತಿಗೆ ರಿಮೋಟಿನ ಸೆಲ್ಲೂ ತೆಗೆದು, ಖಾಲಿ ರಿಮೋಟಿನ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಒಳಗೆ ಉಳಿದಿರೋ ಚಾರ್ಜ್ ಇಳೀಲಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗ್ತೈತೆ. ಆಗ್ಲಿಲ್ಲ ಅಂದ್ರೆ ಸೆಟ್ಟಿಂಗ್ಸಿನಾಗೆ ರಿಮೋಟ್ ಮತ್ತು ಆಕ್ಸೆಸರೀಸ್ ಅಂತ ಇರ್ತೈತೆ, ಅಲ್ಲಿ ಹಳೇ ರಿಮೋಟ್ ಹೆಸರು ಅಳಿಸಿ ಹೊಸದಾಗಿ ಪೇರ್ ಮಾಡ್ರಿ.

ರಾಯಚೂರು_ಬಿಸಲು:

ಅಣ್ಣಾ ಪ್ಲಗ್ ಕಿತ್ತು ಹಾಕಿದೆ, ಆಗ್ಲಿಲ್ಲ. ಈಗ ಸೆಟ್ಟಿಂಗ್ಸಿಗಿ ಹೋಗ್ರಿ ಅಂತೀರಿ, ಬಾಣದ ಬಟನ್ನೇ ನಡೀವಲ್ದು, ಹೋಗೂದು ಹೆಂಗ್ರಿ? ಟಿವಿ ಕೆಳಗ ಇರೂದು ಒಂದೇ ಬಟನ್ನು, ಅದು ಒತ್ತಿದ್ರ ಆನ್ ಆಫ್ ಅಷ್ಟೇ.

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಮನ್ಯಾಗೆ ಕಂಪ್ಯೂಟರ್ ಮೌಸ್ ಐತಾ? ಯುಎಸ್‌ಬಿದು, ಎಷ್ಟು ಹಳೇದಿದ್ರೂ ನಡೀತೈತೆ. ಟಿವಿ ಪಕ್ಕದಾಗೆ ಪೆನ್‌ಡ್ರೈವ್ ಹಾಕೋ ಜಾಗ ಇರ್ತೈತಲ್ಲ, ಅಲ್ಲಿ ಚುಚ್ಚ್ರಿ, ಸ್ಕ್ರೀನ್ ಮೇಲೆ ಬಾಣ ಬರ್ತೈತೆ. ಆಂಡ್ರಾಯ್ಡ್ ಟಿವಿ ಮೌಸ್ ತಗೊಳ್ತೈತೆ ಅಂತ ಬಾಳ ಜನಕ್ಕೆ ಗೊತ್ತೇ ಇಲ್ಲ. ಎಡಗಡೆ ಒತ್ತಿದ್ರೆ ಓಕೆ, ಬಾಳಷ್ಟು ಟಿವಿಯಾಗೆ ಬಲಗಡೆ ಒತ್ತಿದ್ರೆ ಬ್ಯಾಕ್.

ಮೌಸ್ ಇಲ್ಲ ಅಂದ್ರೆ ಫೋನಿಗೆ ಗೂಗಲ್ ಟಿವಿ ಆ್ಯಪ್ ಹಾಕ್ಕೊಳ್ರಿ, ಅದ್ರಾಗೆ ರಿಮೋಟ್ ಅಂತ ಬರ್ತೈತೆ. ಆದ್ರೆ ಫೋನೂ ಟಿವಿನೂ ಒಂದೇ ವೈಫೈನಾಗೆ ಇರ್ಬೇಕು. ಮೊಬೈಲ್ ಡಾಟಾ ಮೇಲೆ ಫೋನ್ ಇಟ್ಕೊಂಡು ಟಿವಿ ಸಿಗ್ತಿಲ್ಲ ಅಂತ ನಂಗೆ ಫೋನ್ ಮಾಡೋರು ಬಾಳ ಜನ.

ಪೇರ್ ಮಾಡೋಕೆ ರಿಮೋಟಿನಾಗೆ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡೀಬೇಕು, ಕೆಲವಕ್ಕೆ ಹೋಮ್ ಮತ್ತೆ ಓಕೆ, ಕೆಲವಕ್ಕೆ ಹೋಮ್ ಮತ್ತೆ ಬ್ಯಾಕ್, ಕಂಪನಿಗೊಂದು ತರ. ಆಕ್ಸೆಸರಿ ಸೇರಿಸು ಅಂತ ಒತ್ತಿದಾಗ ಟಿವಿನೇ ಯಾವ ಬಟನ್ ಅಂತ ಚಿತ್ರ ತೋರಿಸ್ತೈತೆ ಬಾಳ ಸಲ. ರಿಮೋಟನ್ನ ಟಿವಿ ಹತ್ರ ಹಿಡ್ಕೊಂಡು, ಸಣ್ಣ ಲೈಟ್ ಮಿಣಕೋವರೆಗೂ ಬಿಡಬೇಡ್ರಿ.

ಇನ್ನೊಂದು, ಸೆಲ್ ಎರಡೂ ಒಂದೇ ಕಂಪನಿದು, ಒಟ್ಟಿಗೆ ತಗೊಂಡಿದ್ದು ಹಾಕ್ರಿ. ಒಂದು ಹೊಸದು ಒಂದು ಗಡಿಯಾರದಿಂದ ಕಿತ್ತಿದ್ದು ಹಾಕಿದ್ರೆ ಪವರ್ ಹೆಂಗೋ ನಡೀತೈತೆ, ಬ್ಲೂಟೂತ್ ಬಿದ್ದೋಗ್ತೈತೆ. ಎರಡು ಸೆಲ್ ಸೇರಿದ್ರೆ 3 ವೋಲ್ಟ್ ಆಗಬೇಕು. ಚಾರ್ಜ್ ಮಾಡೋ ಸೆಲ್ ಒಂದಕ್ಕೆ 1.2 ವೋಲ್ಟೇ ಇರೋದು, ಎರಡಕ್ಕೆ 2.4, ಕೆಲವು ರಿಮೋಟ್ ಅದಕ್ಕೂ ತಕರಾರು ತೆಗೀತಾವೆ.

ಕುಷ್ಟಗಿ_ಕಡೆಯಾಂವ (ಕೊಪ್ಪಳ ಜಿಲ್ಲೆ):

ಇದರಾಗ ನಂದೂ ಒಂದು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಮ್ಮದು ಹಳೇ ಎಲ್‌ಇಡಿ ಟಿವಿ, ಬ್ಲೂಟೂತ್ ಗೀಲೂಟೂತ್ ಏನೂ ಇಲ್ಲ. ಮುಂಜಾನಿ ನಡೀತೈತಿ, ರಾತ್ರಿ ನಡೀತೈತಿ, ಮಧ್ಯಾಹ್ನ ಊಟ ಆಗಿ ಕುಂತ್ರ ರಿಮೋಟ್ ಕೇಳಾಂಗಿಲ್ಲ. ಹತ್ರ ಹೋಗಿ ಮೂತಿಗೆ ಮೂತಿ ಹಚ್ಚಿದ್ರ ಮಾತ್ರ ಒಮ್ಮೊಮ್ಮೆ ಹಿಡೀತೈತಿ. ಬಿಸಲಿಗೆ ಟಿವಿ ಕಾಯ್ದು ಹಿಂಗ್ ಆಗ್ತೈತೇನು?

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಟಿವಿ ಎದುರಿಗೆ ಪಡುವಣ ಕಿಟಕಿ ಐತಾ?

ಕುಷ್ಟಗಿ_ಕಡೆಯಾಂವ (ಕೊಪ್ಪಳ ಜಿಲ್ಲೆ):

ಐತ್ರಿ! ನಿಮಗ ಹೆಂಗ ಗೊತ್ತಾತು?

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಸೂರ್ಯನ ಬೆಳಕಿನಾಗೂ ಐಆರ್ ಐತಲ್ಲಪ್ಪ, ಅದೂ ರಾಶಿ. ರಿಮೋಟ್ ತನ್ನ ಬೆಳಕನ್ನ ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣಕಿಸಿ ಕಳಿಸ್ತೈತೆ, ಟಿವಿ ಒಳಗಿನ ಸೆನ್ಸಾರ್ ಆ ಮಿಣುಕು ಒಂದನ್ನೇ ಹುಡುಕ್ತೈತೆ, ಅದಕ್ಕೇ ಟ್ಯೂಬ್‌ಲೈಟ್ ಉರಿದ್ರೂ ಸಾಮಾನ್ಯ ಏನೂ ಆಗಲ್ಲ. ಆದ್ರೆ ಬಿಸಿಲು ನೇರ ಸೆನ್ಸಾರಿಗೇ ಬಿದ್ರೆ ಅದಕ್ಕೆ ಕಣ್ಣು ಕತ್ತಲೆ ಬಂದಂಗೆ ಆಗ್ತೈತೆ, ಮಿಣುಕು ಕಾಣಲ್ಲ. ಪರದೆ ಎಳ್ದು ನೋಡ್ರಿ, ನಡೆದ್ರೆ ಅದೇ ರೋಗ. ರಿಮೋಟ್ ಬದಲಾಯಿಸಿದ್ರೆ ಪ್ರಯೋಜನ ಇಲ್ಲ.

ಆ ಸೆನ್ಸಾರ್ ಜಾಗ ಒಂದ್ಸಲ ಒಣ ಬಟ್ಟೇಲಿ ಒರೆಸ್ರಿ, ಟಿವಿ ಕೆಳಗಡೆ ಅಂಚಿನಾಗೆ ಕೆಂಪು ಲೈಟ್ ಉರೀತೈತಲ್ಲ ಅದರ ಅಕ್ಕಪಕ್ಕ. ಸಂಡೂರು, ತೋರಣಗಲ್ ಕಡೆಯಿಂದ ಟಿವಿ ಬಂದ್ರೆ ನಾವು ಮೊದ್ಲು ಮಾಡೋ ಕೆಲಸ ಅದೇ, ಅಲ್ಲಿ ಕೆಂಧೂಳು ಎಣ್ಣೆ ಪಸೆ ಮೇಲೆ ಕುಂತು ಪದರ ಕಟ್ಟಿರ್ತೈತೆ, ಉಗುರಿನಾಗೆ ಗೀರಿದ್ರೆ ಗೆರೆ ಬೀಳ್ತೈತೆ.

ತೋರಣಗಲ್_ಶಿಫ್ಟ್:

ಕೆಂಧೂಳು ಅಂದ್ರಲ್ಲ, ನಮ್ಮನೆ ರಿಮೋಟ್ ಒಳಗೂ ಅದೇ ಕಥೆ. ವಾಲ್ಯೂಮ್ ಜಾಸ್ತಿ ಮಾಡೋ ಬಟನ್ ಒಂದು, ಚಾನಲ್ ಬಟನ್ ಒಂದು, ಬೆರಳು ನೋಯೋ ತನಕ ಒತ್ಬೇಕು, ಉಳಿದಿದ್ದು ಚೆನ್ನಾಗವೆ. ಇದು ಸೆಟ್ ಟಾಪ್ ಬಾಕ್ಸಿನ ರಿಮೋಟು. ಇದನ್ನಾದ್ರೂ ಬಿಚ್ಚಬೋದಾ?

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಇದನ್ನ ಬಿಚ್ಚಬೋದು, ಇದು ರಬ್ಬರಿನದೇ. ಸೆಲ್ ತೆಗೀರಿ, ಆ ಜಾಗದಾಗೆ ಸ್ಕ್ರೂ ಇದ್ರೆ ಬಿಚ್ಚ್ರಿ, ಅಂಚಿನ ಸಂದಿಯಾಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೀರಿ, ಟಕ್ ಟಕ್ ಅಂತ ಬಿಡ್ತೈತೆ. ಚಾಕು ಬೇಡ. ಒಳಗೆ ಹಸಿರು ಬೋರ್ಡು, ಅದರ ಮೇಲೆ ರಬ್ಬರ್ ಹಾಳೆ. ರಬ್ಬರಿನ ಹಿಂದೆ ಪ್ರತಿ ಬಟನ್ನಿಗೂ ಒಂದು ಕಪ್ಪು ಗುಂಡಿ ಇರ್ತೈತೆ, ಅದು ಕಾರ್ಬನ್, ಬೋರ್ಡಿನ ಮೇಲಿರೋ ಬಾಚಣಿಗೆ ಹಲ್ಲಿನಂಥಾ ಗೆರೆಗಳನ್ನ ಅದು ಮುಟ್ಟಿದ್ರೆ ಬಟನ್ ಒತ್ತಿದ್ದು ಗೊತ್ತಾಗೋದು. ಬೋರ್ಡಿನ ಮೇಲೆ ಅಂಟಂಟು ಜಿಡ್ಡು ಕಾಣ್ತೈತೆ ನೋಡ್ರಿ, ಎಣ್ಣೆ ಹಚ್ಚಿದಂಗೆ. ಒಗ್ಗರಣಿ ತಿಂದ ಕೈಯಿಂದ ಒಂದಿಷ್ಟು, ರಬ್ಬರ್ ತಾನೇ ಬಿಡೋದು ಒಂದಿಷ್ಟು. ಮೊಬೈಲ್ ಅಂಗಡಿಯಾಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್, ಬೋರ್ಡ್ ಒರೆಸೋ ಸ್ಪಿರಿಟ್) ಅಂತ ಕೇಳ್ರಿ, ಕೊಡ್ತಾರೆ, ಕಿವಿ ಕಡ್ಡಿಗೆ ಹಚ್ಚಿ ಬೋರ್ಡ್ ಒರೆಸ್ರಿ. ಕಪ್ಪು ಗುಂಡಿ ಮಾತ್ರ ಜೋರಾಗಿ ತಿಕ್ಕಬೇಡ್ರಿ, ಕಾರ್ಬನ್ನೇ ಎದ್ದೋಗ್ತೈತೆ. ರಬ್ಬರ್ ಹಾಳೆನ ಸೋಪಿನ ನೀರಾಗೆ ಅಲ್ಲಾಡಿಸಿ ತೊಳೆದು, ಪೂರ್ತಿ ಒಣಗಿಸಿ ಹಾಕ್ರಿ.

ಸೆಲ್ ಕೂರೋ ಜಾಗದಾಗೆ ಸ್ಪ್ರಿಂಗಿಗೆ ಬಿಳಿ ಪುಡಿ ಹತ್ತಿದ್ರೆ ಸೆಲ್ ಸೋರೈತೆ ಅಂತ. ಆಲ್ಕಲೈನ್ ಸೆಲ್ ಆಗಿದ್ರೆ ಅದು ಸುಣ್ಣದ ಜಾತಿ, ಕಿವಿ ಕಡ್ಡಿಗೆ ಎರಡು ಹನಿ ನಿಂಬೆರಸ ಹಾಕಿ ತಿಕ್ಕಿದ್ರೆ ಬಿಡ್ತೈತೆ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಪುಡಿ ಕಣ್ಣಿಗೆ ಹೋಗದಂಗೆ ನೋಡ್ಕೊಳ್ರಿ. ನಮ್ಮ ಕಡೆ ಬಿಸಿಲಿಗೆ ಸೆಲ್ ಬೇಗ ಸೋರ್ತಾವೆ, ರಿಮೋಟ್ ಕಿಟಕಿ ಕಟ್ಟೆ ಮೇಲೆ ಇಡೋದು ಮೊದ್ಲು ಬಿಡ್ರಿ.

ರಾಯಚೂರು_ಬಿಸಲು:

ಆತ್ರಿ ಆತು! ಪಕ್ಕದ ಮನಿ ಹುಡುಗನ ಹತ್ರ ಮೌಸ್ ಇಸ್ಕೊಂಡು ಬಂದೆ. ಚುಚ್ಚಿದ ಕೂಡ್ಲೆ ಸ್ಕ್ರೀನಿನ ಮ್ಯಾಲ ಬಾಣ ಬಂತು, ಸೆಟ್ಟಿಂಗ್ಸಿಗಿ ಹೋದೆ, ಪಟ್ಟ್ಯಾಗ ರಿಮೋಟ್ ಹೆಸರು ಇತ್ತು ಆದ್ರ ಕನೆಕ್ಟ್ ಆಗಿಲ್ಲ ಅಂತ ತೋರಿಸ್ತಿತ್ತು, ಅದನ್ನ ಅಳಿಸಿ, ಹೋಮ್ ಓಕೆ ಎರಡೂ ಒತ್ತಿ ಹಿಡಿದೆ, ಲೈಟ್ ಮಿಣಕ್ತು, ಪೇರ್ ಆತು ಅಂತ ಬಂತು. ಈಗ ಮೈಕೂ ನಡೀತದ. ಒಂದು ರೂಪಾಯಿ ಖರ್ಚಿಲ್ಲ.

ನಮ್ಮಪ್ಪ ಮಾತ್ರ "ಆ ಇಲಿ ಹಂಗೇ ಇರ್ಲಿ ಬಿಡು, ಅದೇ ಚಲೋ ಅದ" ಅನ್ನಾಕತ್ತಾರ. ಮೌಸ್ ವಾಪಸ್ ಕೊಡ್ಬೇಕು, ಹೆಂಗ ಹೇಳ್ಲಿ ಇವ್ರಿಗಿ.

ಒಂದು ಕೇಳೂದು ಉಳೀತು ಅಣ್ಣಾ. ಮುಂದ ಎಂದರ ಖರೇನೇ ರಿಮೋಟ್ ಹೋತು ಅಂದ್ರ ಬಜಾರ್‌ದಾಗ ಸಿಗೋ ಡೂಪ್ಲಿಕೇಟ್ ತಗೋಬೇಕೇನು, ಕಂಪನಿದೇ ತರಸ್ಬೇಕೇನು?

ಕೌಲ್‌ಬಜಾರ್_ರಿಪೇರಿ (ಬಳ್ಳಾರಿ):

ಮೈಕ್ ಬೇಡ, ಚಾನಲ್ ವಾಲ್ಯೂಮ್ ಆದ್ರೆ ಸಾಕು ಅಂದ್ರೆ ಡೂಪ್ಲಿಕೇಟ್ ನಡೀತೈತೆ. ಅದರ ಮೇಲೆ ಮೈಕ್ ಚಿತ್ರ ಇದ್ದ ಮಾತ್ರಕ್ಕೆ ಮೈಕ್ ಇರ್ತೈತೆ ಅಂತ ನಂಬಬೇಡ್ರಿ, ಬಾಳಷ್ಟು ಬರೇ ಐಆರ್ ರಿಮೋಟಿಗೆ ಚಿತ್ರ ಹಚ್ಚಿ ಮಾರ್ತಾರೆ. ತಗೊಳೋ ಮುಂಚೆ ಅಂಗಡಿಯೋನಿಗೆ "ಇದು ಬ್ಲೂಟೂತ್‌ದಾ, ಪೇರ್ ಆಗ್ತೈತಾ" ಅಂತ ನೇರ ಕೇಳ್ರಿ. ಹಳೇ ರಿಮೋಟನ್ನೂ ಜೊತೆಗೆ ಒಯ್ಯಿರಿ, ಟಿವಿ ಹಿಂದಿನ ಸ್ಟಿಕ್ಕರ್‌ದಾಗೆ ಮಾಡೆಲ್ ನಂಬರ್ ಇರ್ತೈತೆ, ಅದನ್ನ ಫೋಟೊ ಹೊಡ್ಕೊಂಡು ಹೋಗ್ರಿ. ಬಟನ್ ನೋಡೋಕೆ ಒಂದೇ ತರ ಇರ್ತಾವೆ, ಕೋಡ್ ಬೇರೆ ಇದ್ರೆ ಒಂದೂ ನಡಿಯಲ್ಲ.

ಕುಷ್ಟಗಿ_ಕಡೆಯಾಂವ (ಕೊಪ್ಪಳ ಜಿಲ್ಲೆ):

ಪರದೆ ಎಳೆದೆ, ನಡೀತ್ರಿ. ಈಗ ಗಾಳಿ ಬರಾಂಗಿಲ್ಲ ಅಂತ ಮನ್ಯಾಗ ಜಗಳ. ಸಂಜಿಗೆ ಟಿವಿನೇ ಇನ್ನೊಂದು ಗೋಡಿಗೆ ಹಾಕ್ಸೂ ಮಾತು ನಡದೈತಿ.