‘ಅಕ್ಷರ ಒಡೀತಾ ಇದೆ’ ಅಂದರೆ ಏನೇನು?

ಗೆಳೆಯರೇ,

ಬ್ರೌಸರ್‌ನಲ್ಲಿ ಕನ್ನಡ ಟೈಪ್ ಮಾಡುವಾಗ ತೊಂದರೆಯಾದವರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ಒಡೆ’ ಅನ್ನುವ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ತೊಂದರೆ ಹೇಳಿಕೊಳ್ಳುವವರಲ್ಲಿ ತುಂಬಾ ಜನ ಒಂದೇ ಮಾತು ಹೇಳುತ್ತಾರೆ: ‘ಅಕ್ಷರ ಒಡೀತಾ ಇದೆ’. ಸ್ಕ್ರೀನ್‌ಶಾಟ್ ಕಳಿಸಿ ಅಂತ ಕೇಳಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬರಿಗೆ ಬರೀ ಚೌಕಗಳು ಕಾಣುತ್ತವೆ. ಇನ್ನೊಬ್ಬರಿಗೆ ಚುಕ್ಕಿ ಚುಕ್ಕಿಯ ಬಳೆ, ಅದರ ಪಕ್ಕದಲ್ಲಿ ಒಂದು ಒಂಟಿ ಕೊಂಬು. ಮತ್ತೊಬ್ಬರಿಗೆ ‘ಮನೆ’ ಅನ್ನುವುದು ‘ಮ್ಅನ್ಎ’ ಆಗಿದೆ. ಇನ್ನು ಕೆಲವರಿಗೆ ಅಕ್ಷರ ಒಡೆದೇ ಇಲ್ಲ, ಕೂಡಬಾರದ ಕಡೆ ಕೂಡಿಕೊಂಡಿದೆ. ಇಷ್ಟಕ್ಕೂ ಒಂದೇ ಪದ. ಪರಿಹಾರ ಮಾತ್ರ ಒಂದೊಂದಕ್ಕೂ ಬೇರೆ. ಹಾಗಾಗಿ ಪದಗಳನ್ನು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ ಅಂತ ನನಗೆ ಅನಿಸುತ್ತದೆ.

ಮುರಿಯುವುದರಲ್ಲಿ ಕನ್ನಡ ತುಂಬಾ ಸೂಕ್ಷ್ಮ ನೋಡುತ್ತದೆ. ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ, ಮಡಕೆ ಒಡೆಯುತ್ತದೆ. ಹಾಲೂ ಒಡೆಯುತ್ತದೆ. ಆದರೆ ಮಡಕೆ ಒಡೆಯುವುದೂ ಹಾಲು ಒಡೆಯುವುದೂ ಒಂದೇ ಅಲ್ಲ. ಒಡೆದ ಮಡಕೆ ಚೂರಾಗುತ್ತದೆ, ಪ್ರತಿ ಚೂರೂ ಮಡಕೆಯದೇ. ಒಡೆದ ಹಾಲು ಎರಡಾಗುತ್ತದೆ, ನೀರು ಬೇರೆ, ಗಟ್ಟಿ ಬೇರೆ. ‘ಮ್ಅನ್ಎ’ ನೋಡಿದಾಗ ನನಗೆ ನೆನಪಾದದ್ದು ಈ ಎರಡನೆಯದು. ವ್ಯಂಜನ ಒಂದು ಕಡೆ, ಸ್ವರ ಒಂದು ಕಡೆ. ಇಲ್ಲಿ ‘ಒಡೆ’ ಅನ್ನುವುದು ಸರಿಯಾಗಿ ಕೂರುತ್ತದೆ.

ಇದು ಯಾಕೆ ಆಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಸಾಧನಗಳು ಒಂದು ಕೀಲಿ ಒತ್ತಿದ ಕೂಡಲೇ ‘ಮ್’ ಹಾಕುತ್ತವೆ. ಮುಂದಿನ ಕೀಲಿ ಸ್ವರದ್ದಾದರೆ ಹಿಂದೆ ಹೋಗಿ ಆ ‘ಮ್’ ತೆಗೆದು ‘ಮ’ ಇಡುತ್ತವೆ. ಈ ಹಿಂದೆ ಹೋಗುವ ಕೆಲಸ ತಪ್ಪಿದರೆ ‘ಮ್’ ಹಾಗೇ ಉಳಿದು, ಪಕ್ಕದಲ್ಲಿ ‘ಅ’ ಬಂದು ಕೂರುತ್ತದೆ. ಬ್ರೌಸರ್‌ಗೆ ಹಾಕಿಕೊಂಡ ಒಂದು ಎಕ್ಸ್‌ಟೆನ್ಶನ್, ಜೊತೆಗೆ ಆ ಪುಟದ್ದೇ ಒಂದು ಟೈಪಿಂಗ್ ಸಾಧನ, ಎರಡೂ ಒಟ್ಟಿಗೆ ಚಾಲೂ ಇದ್ದರೆ ಹೀಗಾಗುವುದು ಜಾಸ್ತಿ. ಒಂದನ್ನು ನಿಲ್ಲಿಸಿ ನೋಡಬೇಕು. ಅದೇ ಪದವನ್ನು ನೋಟ್‌ಪ್ಯಾಡ್‌ನಲ್ಲೂ ಬ್ರೌಸರ್‌ನ ವಿಳಾಸ ಪಟ್ಟಿಯಲ್ಲೂ ಟೈಪ್ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ವಿಳಾಸ ಪಟ್ಟಿಯಲ್ಲಿ ಸರಿ ಬಂದು ಪುಟದೊಳಗೆ ಕೆಟ್ಟರೆ, ಪುಟವನ್ನೋ ಎಕ್ಸ್‌ಟೆನ್ಶನನ್ನೋ ಹಿಡಿಯಬೇಕು. ಕೀಲಿಮಣೆಯದು ತಪ್ಪಿಲ್ಲ.

ಚೌಕಗಳ ವಿಷಯ ಸುಲಭ. ಅಕ್ಷರ ಸರಿಯಾಗೇ ಇದೆ, ತೋರಿಸಲು ಫಾಂಟ್ ಇಲ್ಲ, ಅಷ್ಟೆ. ಇಂಗ್ಲಿಷ್‌ನವರು ಈ ಚೌಕಕ್ಕೆ ‘ತೋಫು’ ಅನ್ನುತ್ತಾರೆ. ಗೂಗಲ್‌ನ ‘ನೋಟೊ’ ಫಾಂಟ್‌ಗಳಿಗೆ ಹೆಸರು ಬಂದದ್ದೂ ‘ನೋ ತೋಫು’ ಅನ್ನುವುದರಿಂದಲೇ. ನಮಗೆ ‘ಚೌಕ ಬರ್ತಿದೆ’ ಸಾಕು.

ಬಳೆಯ ವಿಷಯ ಹಾಗಲ್ಲ. ವ್ಯಂಜನವಿಲ್ಲದೆ ಬರೀ ಸ್ವರಚಿಹ್ನೆ ಬಂದರೆ, ಅದು ಕೂರಲು ಜಾಗ ಬೇಕಲ್ವಾ, ಆ ಜಾಗ ತೋರಿಸಲು ಈ ಚುಕ್ಕಿ ಬಳೆ ಮೂಡುತ್ತದೆ. ಇದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ, ಗೊತ್ತಿಲ್ಲದೆ ಕೀಲಿಮಣೆ ವಿನ್ಯಾಸ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಏರ್ಪಾಡು, ಬದಲಾಗಿರುವುದು. ಕೆ.ಪಿ. ರಾವ್ ವಿನ್ಯಾಸದಲ್ಲಿ ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’ ಬರುತ್ತದೆ. ಅಲ್ಲಿ ಎಫ್ ಅಂದರೆ ಅರ್ಧಾಕ್ಷರದ ಚಿಹ್ನೆ. ಅದೇ ನಾಲ್ಕು ಕೀಲಿಗಳನ್ನು ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸದಲ್ಲಿ ಒತ್ತಿದರೆ ಮೊದಲು ಬಳೆಯ ಜೊತೆ ಓಕಾರದ ಚಿಹ್ನೆ, ಆಮೇಲೆ ‘ಕಿಕ’. ಯಾಕೆಂದರೆ ಅಲ್ಲಿ ಎ ಅಂದರೆ ಓಕಾರ, ಎಫ್ ಅಂದರೆ ಗುಡಿಸು, ಅರ್ಧಾಕ್ಷರಕ್ಕೆ ಡಿ. ವಿಂಡೋಸ್‌ನಲ್ಲಿ ಒಂದೊಂದು ಅಪ್ಲಿಕೇಶನ್ ಕಿಟಕಿಗೆ ಒಂದೊಂದು ವಿನ್ಯಾಸ ಇಟ್ಟುಕೊಳ್ಳುವ ಆಯ್ಕೆಯೂ ಇದೆ. ಅದು ಚಾಲೂ ಇದ್ದರೆ ನೋಟ್‌ಪ್ಯಾಡ್‌ನಲ್ಲಿ ‘ಅಕ್ಕ’, ಬ್ರೌಸರ್‌ನಲ್ಲಿ ಬಳೆ! ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಇದನ್ನು ‘ಒಡೆ’ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಏನೂ ಒಡೆದಿಲ್ಲ, ಬೇರೆಯದೇ ಬಂದಿದೆ.

ಬ್ಯಾಕ್‌ಸ್ಪೇಸ್ ಒತ್ತಿದಾಗ ಅಕ್ಷರ ಒಡೆಯಿತು ಅನ್ನುವವರೂ ಇದ್ದಾರೆ. ಅದು ದೋಷವೇ ಅಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಆರು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ಈಕಾರದ ಚಿಹ್ನೆ. ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಕೊನೆಯಿಂದ ಒಂದೊಂದೇ ತೆಗೆಯುತ್ತದೆ. ಎರಡು ಸಲ ಒತ್ತಿದರೆ ‘ಸ್ತ್’ ಉಳಿಯುತ್ತದೆ. ಇಲ್ಲಿ ನಮ್ಮ ಹಳೆಯ ಪದ ‘ಬಿಡಿಸು’ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಪದ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ. ಬ್ಯಾಕ್‌ಸ್ಪೇಸ್ ಕೂಡ ಅಕ್ಷರವನ್ನು ಬಿಡಿಸುತ್ತಾ ಅಳಿಸುತ್ತದೆ.

ಈಗ ನಿಜವಾಗಿ ಸಿಕ್ಕಿಕೊಂಡಿರುವ ಜಾಗಕ್ಕೆ ಬರುತ್ತೇನೆ. ‘ಸಾಫ್ಟ್‌ವೇರ್’ ಅಂತ ಬರೆಯಹೊರಟರೆ ‘ಸಾಫ್ಟ್ವೇರ್’ ಆಗುತ್ತದೆ. ಫ-ಕಾರಕ್ಕೆ ಟ-ಒತ್ತಿನ ಜೊತೆ ವ-ಒತ್ತೂ ಬಂದು ಕೂರುತ್ತದೆ. ‘ರ‍್ಯಾಂಕ್’ ಬೇಕಾದವರಿಗೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಎರಡಕ್ಕೂ ಕಣ್ಣಿಗೆ ಕಾಣದ ಒಂದೊಂದು ಗುರುತು ಬೇಕು. ಮೊದಲನೆಯದಕ್ಕೆ ಕೂಡಲು ಬಿಡದ ಗುರುತು, ಎರಡನೆಯದಕ್ಕೆ ಕೂಡಿಸುವ ಗುರುತು. ಸರಿಯಾಗಿ ಟೈಪ್ ಮಾಡಿದರೂ ಕೆಲವು ಪುಟಗಳು ಉಳಿಸುವಾಗ ಈ ಕಾಣದ ಗುರುತುಗಳನ್ನು ಕಿತ್ತು ಹಾಕುತ್ತವೆ. ಟೈಪ್ ಮಾಡುವಾಗ ಸರಿ ಇತ್ತು, ಕಳಿಸಿದ ಮೇಲೆ ಕೆಟ್ಟಿತು ಅನ್ನುವವರ ದೂರು ಇದೇ. ಹುಡುಕುವಾಗಲೂ ಕಾಟ: ಗುರುತು ಇರುವ ಪದ, ಇಲ್ಲದ ಪದ, ಕೆಲವು ಕಡೆ ಎರಡು ಬೇರೆ ಪದಗಳಾಗಿಬಿಡುತ್ತವೆ.

ಇದಕ್ಕೆ ಜನ ‘ಒಡೀತಾ ಇದೆ’ ಅನ್ನುತ್ತಾರೆ, ಆಗಿರುವುದು ಪೂರಾ ಉಲ್ಟಾ. ‘ಒತ್ತು ತಪ್ಪಿದೆ’ ಅಂತ ಬರೆದು ನೋಡಿದೆ. ಕಾಗುಣಿತ ತಪ್ಪಾಗಿದೆ ಅಂದುಕೊಳ್ಳುತ್ತಾರೆ. ಮೇಲಾಗಿ ಕೈಪಿಡಿಯಲ್ಲಿ ‘ಒತ್ತು’ ಎರಡು ಕೆಲಸ ಮಾಡುತ್ತಿದೆ. ‘ಒತ್ತು ಬರಬೇಕಾದರೆ ಎಫ್ ಒತ್ತಿ’ ಅಂತ ನಾನೇ ಒಂದು ಕಡೆ ಬರೆದಿದ್ದೇನೆ, ಹೊಸಬರು ತಡವರಿಸುತ್ತಾರೆ. ಕೀಲಿಗೆ ‘ಅದುಮಿ’ ಅಂದರೆ ವಿಚಿತ್ರವಾಗಿ ಕೇಳುತ್ತದಾ? ಕೂಡಬಾರದ್ದು ಕೂಡಿದ್ದಕ್ಕೆ ‘ಅಂಟಿಕೊಂಡಿದೆ’ ಅಂತ ನನ್ನ ಆಯ್ಕೆ, ಯಾಕೆಂದರೆ ಬಿಡಿಸಬಹುದು ಅನ್ನುವ ಅರ್ಥ ಅದರಲ್ಲೇ ಇದೆ. ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ತಿಳಿಸಿ. ಚುಕ್ಕಿ ಬಳೆಗೂ ಯಾರಾದರೂ ಈಗಾಗಲೇ ಹೆಸರಿಟ್ಟಿದ್ದರೆ ಅದನ್ನೇ ಹಾಕುತ್ತೇನೆ.