ಹೊಲದೊಳಗಿನ ಹಾಸುಬಂಡೆ: ಮಣ್ಣು ಹಾಕಿಸಲಾ, ಹಾಗೇ ಬಿಡಲಾ?

ಪುಣೆ_ವಿಜಯಪುರ:
ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರ ಕಡೆಯವರು, ಪುಣೆಯಲ್ಲಿ ಎರಡನೇ ತಲೆಮಾರು. ಭೋರ್ ತಾಲೂಕಿನಲ್ಲಿ ಅಪ್ಪ ಮಾಡಿಟ್ಟ ಐದು ಎಕರೆ ಇದೆ. ಅದರಲ್ಲಿ ಮುಕ್ಕಾಲು ಎಕರೆ ಬರೀ ಹಾಸುಬಂಡೆ. ಸಾತ್‌ಬಾರಾದಲ್ಲಿ (ಇಲ್ಲಿನ ಪಹಣಿ) 'ಪೋಟ್‌ಖರಾಬಾ' ಅಂತಲೇ ಇದೆ, ನಮ್ಮೂರ ಪಹಣಿಯಲ್ಲಿ ಸಾಗುವಳಿಗೆ ಬಾರದ ಜಾಗಕ್ಕೆ ಖರಾಬು ಅಂತಾರಲ್ಲ, ಅದೇ. ಕೆಂಪು ಮಣ್ಣು ಸುರಿದರೆ ಮಾವು ಹಾಕಬಹುದು ಅಂತ ಜೆಸಿಬಿಯವರು ಹೇಳುತ್ತಿದ್ದಾರೆ, ನಾನೂ ಒಪ್ಪಿದ್ದೆ.

ಆದರೆ ಹೋದ ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಹೋಗಿದ್ದೆವು. ಬಂಡೆ ಮೇಲೆ ಬೆರಳುದ್ದದ ಗಿಡಗಳು, ಎಲೆ ತುಂಬಾ ಕೆಂಪು ಕೂದಲು, ಪ್ರತಿ ಕೂದಲ ತುದಿಗೂ ಒಂದು ಅಂಟು ಹನಿ. ಒಂದರಲ್ಲಿ ಸೊಳ್ಳೆ ಸಿಕ್ಕಿಕೊಂಡು ಇನ್ನೂ ಕಾಲು ಆಡಿಸುತ್ತಿತ್ತು. ಮಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ. ಈಗ ಮಣ್ಣು ಸುರಿಸಲು ಮನಸ್ಸಿಲ್ಲ. ಉಳಿಸಿಕೊಳ್ಳಲು ಏನು ಮಾಡಬೇಕು? ಕಾನೂನಿನಲ್ಲಿ ದಾರಿ ಇದೆಯಾ?

ಹುಲ್ಲುಬಯಲು:
ಅದು ಡ್ರೊಸೆರಾ ಸರ್, ಮರಾಠಿಯಲ್ಲಿ ದವಬಿಂದು ಅನ್ನುತ್ತಾರೆ. ಬಂಡೆ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ಕಡಿಮೆ, ಆ ಕೊರತೆಯನ್ನು ಹುಳ ಹಿಡಿದು ತುಂಬಿಕೊಳ್ಳುತ್ತದೆ. ಸಾತಾರಾ ಹತ್ತಿರದ ಕಾಸ್ ಪಠಾರದಲ್ಲೂ (ಎತ್ತರದ ಬಂಡೆ ಬಯಲು) ಇದೇ ಕಥೆ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು, ಅಲ್ಲಿನ ಹೂಗಳೆಲ್ಲ ಆ ತೆಳು ಮಣ್ಣನ್ನೇ ನಂಬಿಕೊಂಡಿವೆ.

ಮರ ನೆಟ್ಟರೆ ಒಳ್ಳೆಯದೇ ಅಲ್ವಾ ಅಂತ ಎಲ್ಲರೂ ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ಇಲ್ಲಿ ಮಣ್ಣು, ನೆರಳು, ಗೊಬ್ಬರ ಮೂರೂ ವಿಷ. ಮೇಲಿನ ಹೊಲದಿಂದ ಯೂರಿಯಾ ನೀರು ಬಂಡೆಗೆ ಹರಿಯುತ್ತಿದ್ದರೆ ಮೊದಲು ಒಂದು ಸಣ್ಣ ಕಾಲುವೆ ತೋಡಿ ಅದನ್ನು ಪಕ್ಕಕ್ಕೆ ತಿರುಗಿಸಿ, ಯಾಕೆಂದರೆ ಗೊಬ್ಬರ ಸಿಕ್ಕಿದ ತಕ್ಷಣ ಒರಟು ಹುಲ್ಲು ಎದ್ದು ಈ ಚಿಕ್ಕ ಗಿಡಗಳನ್ನೆಲ್ಲ ಮುಚ್ಚಿಬಿಡುತ್ತದೆ. ದನಗಳನ್ನು ಪೂರ್ತಿ ತಡೆಯಬೇಡಿ. ಬೀಜ ಉದುರಿದ ಮೇಲೆ ದೀಪಾವಳಿ ಹೊತ್ತಿಗೆ ಸ್ವಲ್ಪ ಮೇಯಲಿ.

ವಕೀಲಿಕೆ_ಶಿವಾಜಿನಗರ:
ಕಾನೂನಿನಲ್ಲಿ ದಾರಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 36ಸಿ ಕಲಂ ಬಂತು. ಒಬ್ಬ ವ್ಯಕ್ತಿ ಅಥವಾ ಸಮುದಾಯ ತಾನಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ರಾಜ್ಯ ಸರಕಾರ ಸಮುದಾಯ ಮೀಸಲು ಅಂತ ಘೋಷಿಸಬಹುದು. ನಮ್ಮ ಮಂಡ್ಯದ ಕೊಕ್ಕರೆಬೆಳ್ಳೂರು 2007ರಲ್ಲಿ ಹಾಗೆಯೇ ಆಯಿತು. ಆದರೆ ಒಮ್ಮೆ ಘೋಷಣೆಯಾದರೆ ನಿರ್ವಹಣಾ ಸಮಿತಿಯ ನಿರ್ಣಯ, ಸರಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಾಯಿಸುವಂತಿಲ್ಲ. ಮುಕ್ಕಾಲು ಎಕರೆಗೆ ಇದು ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಅಕ್ಕಪಕ್ಕದ ಬಂಡೆಯವರೂ ಸೇರಿದರೆ ಯೋಚಿಸಿ. ಅಲ್ಲಿಯವರೆಗೆ ಅಣ್ಣತಮ್ಮಂದಿರ ಹತ್ತಿರ ಮಾತಾಡಿ, ನಾಳೆ ಪಾಲಾದಾಗ ಆ ತುಂಡು ಯಾರಿಗೆ ಹೋಗುತ್ತದೆ ನೋಡಿಕೊಳ್ಳಿ. ಜಗಳ ಶುರುವಾಗುವುದು ಅಲ್ಲೇ.

ಪೆಡ್ನೆ_ಗೋವಾ:
ನಮ್ಮ ಕಡೆ ಇಂಥ ಜಾಗಕ್ಕೆ ಸಡಾ ಅನ್ನುತ್ತಾರೆ, ಜಂಬಿಟ್ಟಿಗೆಯದು. ಮಳೆ ನೀರು ಅದರೊಳಗೆ ಇಳಿದು ಕೆಳಗೆ ಒರತೆಯಾಗಿ ಬರುತ್ತದೆ. ನಾವು ಬಾಡಿಗೆಗೆ ಇರುವ ಮನೆಯ ಮೇಲಿನ ಸಡಾ ಅಗೆದು ಮಟ್ಟ ಮಾಡಿದರು, ಅದಾದ ಎರಡನೇ ಬೇಸಿಗೆಗೇ ಬಾವಿಯಲ್ಲಿ ಏಪ್ರಿಲ್‌ಗೆ ಕೊಡ ಮುಳುಗಲಿಲ್ಲ. ನಿಮ್ಮದು ಬೇರೆ ಕಲ್ಲು ಇರಬಹುದು. ಆದರೂ ಮುಟ್ಟುವ ಮೊದಲು ಕೆಳಗಿನ ಹೊಲದವರ ಬಾವಿ ಎಲ್ಲಿದೆ ಒಮ್ಮೆ ನೋಡಿ ಬನ್ನಿ.

ಪುಣೆ_ವಿಜಯಪುರ:
ಎಲ್ಲರಿಗೂ ಧನ್ಯವಾದ. ಜೆಸಿಬಿಗೆ ಬೇಡ ಅಂತ ಹೇಳಿದೆ. ಬಂಡೆ ಸುತ್ತ ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿಯುತ್ತೇನೆ, ಟ್ರ್ಯಾಕ್ಟರ್ ಹೊಡೆಯುವ ಹುಡುಗನಿಗೆ ಗೊತ್ತಾಗಬೇಕಲ್ಲ. ಕಾಲುವೆ ಕೆಲಸ ಮೇ ಒಳಗೆ ಮುಗಿಸುತ್ತೇನೆ. ತಮ್ಮನ ಹತ್ತಿರ ಮಾತು ಇನ್ನೂ ಬಾಕಿ ಇದೆ, ಭಾನುವಾರ ಅವನನ್ನೂ ಕರೆದುಕೊಂಡು ಹೋಗುತ್ತೇನೆ.